ಕರಿಬಸಮ್ಮನ ಮನೆಯ ದರ್ಜಿ

1998ರ ಸೆಪ್ಟೆಂಬರ್ 14, ಸೋಮವಾರ. ಬೆಳಿಗ್ಗೆ ಹತ್ತೂಕಾಲಿಗೆ ಗುಂಡ್ಲುಪೇಟೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸಿಗೆ ಅರವತ್ತು ದಾಟಿತ್ತು. ಹಣೆಯ ಮೇಲೆ ವಿಭೂತಿ, ಕೈಯಲ್ಲೊಂದು ಇನ್‌ಲ್ಯಾಂಡ್ ಪತ್ರ. ಬೆಂಚು ತೋರಿಸಿದರೂ ಕೂರದೆ ಹೆಡ್ ಕಾನ್‌ಸ್ಟೇಬಲ್ ಚಿಕ್ಕಬೀರಯ್ಯನ ಮೇಜಿನ ಮುಂದೆ ನಿಂತಳು.

"ನಮ್ಮನೇಲಿ ಬಾಡಿಗೆಗಿರೋ ದರ್ಜಿ ಮಾದೇವ ಒಂಬತ್ತು ದಿನದಿಂದ ಇಲ್ಲ. ಕಂಪ್ಲೇಂಟ್ ಬರ್ಕೊಳ್ಳಿ."

"ನಿಮ್ಮೆಸ್ರು?"

"ಕರಿಬಸಮ್ಮ. ಅಂಗಡಿ ಬೀದಿ."

"ಆ ದರ್ಜಿ ನಿಮ್ಗೇನಾಗ್ಬೇಕು?"

"ಏನೂ ಆಗ್ಬೇಕಾಗಿಲ್ಲ."

"ಅವ್ನಿಗೆ ಅಪ್ಪ, ಅವ್ವ, ಅಣ್ಣ ತಮ್ಮ ಯಾರೂ ಇಲ್ವಾ?"

"ಅವ್ನ ಅಣ್ಣನೇ ಬಂದು ಕರ್ಕಂಡೋಗಿರೋದು."

ಚಿಕ್ಕಬೀರಯ್ಯ ಪೆನ್ನು ಕೆಳಗಿಟ್ಟ. "ಒಡುಟ್ಟಿದ ಅಣ್ಣ ಕರ್ಕಂಡೋದ್ರೆ ಕಾಣೆ ಎಂಗಾದಾನು? ಓಗವ್ವ, ಇವತ್ತಲ್ಲ ನಾಳೆ ಬತ್ತಾನೆ."

"ಬರಾಕೆ ಆಗಿದ್ರೆ ಬಂದಿರೋನು. ನಿಮ್ಮ ಸಾಹೇಬ್ರು ಒಳ್ಗವ್ರಾ?"

ಒಳಗಿದ್ದ ಇನ್‌ಸ್ಪೆಕ್ಟರ್ ಪುಟ್ಟಬಸಪ್ಪನವರಿಗೆ ಮಾತು ಕೇಳಿಸುತ್ತಿತ್ತು. ಅವರು ಈ ಠಾಣೆಗೆ ಬಂದು ಎಂಟು ತಿಂಗಳು. ಹನ್ನೊಂದು ಗಂಟೆಗೆ ಮೀಟಿಂಗ್ ಇತ್ತು. ಎರಡು ನಿಮಿಷ ಕೇಳಿ ಕಳಿಸಿದರಾಯಿತು ಎಂದುಕೊಂಡು ಆಕೆಯನ್ನು ಒಳಗೆ ಕರೆಸಿದರು.

"ಯಾವತ್ತು ಹೋಗಿದ್ದು?"

"ಐದನೇ ತಾರೀಕು, ಶನಿವಾರ, ಮಧ್ಯಾಹ್ನ. ಅವ್ನ ಅಣ್ಣ ಶಾಂತರಾಜು ಬಂದ. ಚಾಮರಾಜನಗರದಲ್ಲಿ ಯಾವ್ದೋ ಆಫೀಸಲ್ಲಿ ಅಟೆಂಡರು. ಅವ್ವಂಗೆ ಉಸಾರಿಲ್ಲ, ಉಮ್ಮತ್ತೂರಿಗೆ ಬಾ ಅಂದ. ನಾಳೆ ಬತ್ತೀನಿ ಕಣವ್ವ ಅಂತ ನಂಗೇಳಿ ಓದ."

"ಆ ಕಾಗದ?"

ಕರಿಬಸಮ್ಮ ಕೊಟ್ಟಳು. 'ಮಾನ್ಯರೇ, ನನಗೆ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸ ಸಿಕ್ಕಿರುವುದರಿಂದ ಇನ್ನು ಮುಂದೆ ಬರುವುದಿಲ್ಲ. ಹೊಲಿಗೆ ಮಿಷನ್ನನ್ನು ನನ್ನ ಅಣ್ಣ ಬಂದಾಗ ಕೊಡುವುದು. ಇತಿ, ಮಾದೇವ.'

"ಇದು ಅವನ ಅಕ್ಷರ ಅಲ್ಲ ಸಾಹೇಬ್ರೆ. ಅವ್ನು ನನ್ನ ಅವ್ವ ಅಂತಾನೆ, ಮಾನ್ಯರೇ ಅನ್ನಲ್ಲ."

ಪುಟ್ಟಬಸಪ್ಪ ಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಿರುಪ್ಪೂರಿನಿಂದ ಬಂದಿರಬೇಕಾದ ಪತ್ರದ ಮೇಲೆ ಚಾಮರಾಜನಗರದ ಅಂಚೆ ಮುದ್ರೆ ಇತ್ತು.

ಅವರು ಕುರ್ಚಿ ಎಳೆದುಕೊಂಡು ಕುಳಿತರು. "ಅಣ್ಣ ತಮ್ಮನಿಗೆ ಜಗಳ ಇತ್ತಾ? ಜಮೀನು?"

"ಜಮೀನೆಲ್ಲಿಂದ ಬರ್ಬೇಕು ಅವ್ರಿಗೆ. ಇನ್ನೊಂದೈತೆ." ಕರಿಬಸಮ್ಮ ಬಾಗಿಲ ಕಡೆ ನೋಡಿದಳು. ಚಿಕ್ಕಬೀರಯ್ಯ ಅಲ್ಲೇ ನಿಂತಿದ್ದ. ಆಕೆ ದನಿ ತಗ್ಗಿಸಲಿಲ್ಲ. "ಅವ್ನು ಉಟ್ಟಿದ್ದು ಗಂಡಾಗಿ. ಒಳ್ಗೆಲ್ಲ ಹೆಣ್ಣು. ಬಾಗ್ಲಾಕ್ಕಂಡು ಸೀರೆ ಉಡ್ತಾನೆ. ಸೀರೆ ಕೊಟ್ಟೋಳೂ ನಾನೇ. ಬಂದ ಒಸದ್ರಲ್ಲಿ, ಎರಡು ವರ್ಷದ ಕೆಳಗೆ, ಬದುಕೋದೇ ಬ್ಯಾಡ ಅಂತ ಸಾಯಕ್ಕೆ ಓಗಿದ್ದ. ನಾನು ಆಸ್ಪತ್ರೆಗೆ ಸೇರಿಸ್ದೆ. ಮೈಸೂರಲ್ಲಿ ಮನಸ್ಸಿನ ಡಾಕ್ಟ್ರು ಮಾತ್ರೆ ಬರ್ದುಕೊಟ್ರು. ಅವತ್ತಿಂದ ಒಂದು ದಿನಾನೂ ಮಾತ್ರೆ ಬುಟ್ಟಿಲ್ಲ. ಈಗ ಮಾತ್ರೆ ಇಲ್ಲೇ ಅವೆ, ಅವ್ನಿಲ್ಲ. ಅದ್ಕೇ ನಂಗೆ ಎದೆ ನಡುಗ್ತಾ ಇರೋದು."

"ನೀವು ಯಾಕೆ ಇಷ್ಟು ಹಚ್ಕೊಂಡ್ರಿ ಅವ್ವ?"

"ಓದ ವರ್ಷ ಬಚ್ಚಲಲ್ಲಿ ಬಿದ್ದು ಸೊಂಟ ಮುರ್ಕಂಡೆ. ನಂಟ್ರು ಬಂದ್ರು, ಕಿತ್ತಳೆ ಅಣ್ಣು ಇಟ್ರು, ಓದ್ರು. ಮೂರು ತಿಂಗ್ಳು ನನ್ನ ಎತ್ತಿ ಕೂರ್ಸಿದ್ದು, ತಲೆ ಬಾಚಿದ್ದು, ಸೀರೆ ಒಗ್ದಿದ್ದು ಅವ್ನು. ಜಾತಿ ಯಾವ್ದು ಅಂತ ಬೀದಿಯೋರು ಕೇಳಿದ್ರು. ನಾನು ಕೇಳ್ನಿಲ್ಲ."

ಮೀಟಿಂಗಿಗೆ ತಡವಾಗುತ್ತದೆಂದು ಪುಟ್ಟಬಸಪ್ಪ ಫೋನ್ ಮಾಡಿಸಿದರು. 11 ಗಂಟೆ 40 ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ದಂಡ ಸಂಹಿತೆ ಕಲಂ 365, ಅಕ್ರಮವಾಗಿ ಬಚ್ಚಿಡುವ ಉದ್ದೇಶದ ಅಪಹರಣ. ಆರೋಪಿ, ಶಾಂತರಾಜು.

ಮಧ್ಯಾಹ್ನ ಒಂದು ಗಂಟೆಗೆ ಇಬ್ಬರು ಪಂಚರ ಸಮಕ್ಷಮ ಮಾದೇವನ ಕೋಣೆಯ ಪಂಚನಾಮೆ ನಡೆಯಿತು. ಕರಿಬಸಮ್ಮನ ಮನೆಯ ಹಿತ್ತಿಲಿಗೆ ಅಂಟಿಕೊಂಡ ಒಂದೇ ಕೋಣೆ. ಹೊಲಿಗೆ ಮಿಷನ್, ಸ್ಟವ್, ಚಾಪೆ. ಟ್ರಂಕಿನಲ್ಲಿ ಮಡಿಸಿಟ್ಟ ಹಸಿರು ಸೀರೆ, ಒಂದು ಡಜನ್ ಬಳೆ. ಗೂಡಿನಲ್ಲಿ ಮಾತ್ರೆಗಳು, ಆಸ್ಪತ್ರೆಯ ಚೀಟಿ. ಚಿಕ್ಕಬೀರಯ್ಯ ಸೀರೆಯನ್ನು ಲಾಠಿಯ ತುದಿಯಿಂದ ಎತ್ತಿ ಪಂಚರ ಕಡೆ ನೋಡಿ ನಕ್ಕ.

"ಕೈಯಲ್ಲಿ ಹಿಡೀರಿ. ಬಟ್ಟೆ ಅದು," ಎಂದರು ಪುಟ್ಟಬಸಪ್ಪ. ಅವನು ಕೈಯಲ್ಲಿ ಹಿಡಿದ.

ಮಹಿಳಾ ಕಾನ್‌ಸ್ಟೇಬಲ್ ರಾಚಮ್ಮ ಮಿಷನ್ ಪಕ್ಕದ ಬುಟ್ಟಿಯನ್ನು ನೋಡುತ್ತಿದ್ದಳು. ಅದರಲ್ಲಿ ಒಂಬತ್ತು ರವಿಕೆಗಳು, ಪ್ರತಿಯೊಂದಕ್ಕೂ ಗುಂಡುಪಿನ್ನಿನಲ್ಲಿ ಚುಚ್ಚಿದ ಚೀಟಿ. ಎಲ್ಲದರ ಮೇಲೂ 'ಮದುವೆ, 7ನೇ ತಾರೀಕು' ಎಂದು ಬರೆದಿತ್ತು. ನಾಲ್ಕಕ್ಕೆ ತೋಳು ಕೂರಿಸಿರಲಿಲ್ಲ.

"ನಂದೂ ಇವ್ರೇ ಒಲಿಯೋದು ಸಾರ್. ಏಳಿದ್ ದಿನಕ್ಕೆ ತಪ್ಸಲ್ಲ. ಮದ್ವೆ ಬ್ಲೌಸ್ ಅರ್ಧಕ್ಕೆ ಬುಟ್ಟು ಇವ್ರು ಬೇಕಂತ ಓಗಿರಕ್ಕೆ ಸಾಧ್ಯನೇ ಇಲ್ಲ," ಎಂದಳು.

ಮಂಗಳವಾರ, 15ನೇ ತಾರೀಕು ಬೆಳಿಗ್ಗೆ ಒಂಬತ್ತೂವರೆಗೆ ಜೀಪು ಉಮ್ಮತ್ತೂರು ತಲುಪಿತು. ಹುಷಾರಿಲ್ಲದೆ ಮಲಗಿರಬೇಕಾಗಿದ್ದ ತಾಯಿ ಸುಂದ್ರಮ್ಮ ಯಾರದೋ ಅರಿಶಿನದ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಖಾಕಿ ಕಂಡು ಬದುವಿಗೆ ಬಂದು ಕೈಮುಗಿದಳು.

"ನಿಮಗೆ ಹುಷಾರಿರಲಿಲ್ಲವಾ?"

"ನಂಗ್ಯಾವ ಕಾಯ್ಲೆ ಬುದ್ದಿ. ದಿನಾ ಕೂಲಿಗೆ ಬತ್ತಾ ಇವ್ನಿ."

"ಮಾದೇವ ಬಂದಿದ್ದನಾ?"

ಸುಂದ್ರಮ್ಮ ಕೈಯ ಮಣ್ಣನ್ನು ಸೆರಗಿಗೆ ಒರೆಸಿದಳು. "ಬರ್ನಿಲ್ಲ. ದೊಡ್ಡವ್ನು ಏಳ್ದ, ಅವ್ನ ಸರಿ ಮಾಡ್ಸಕ್ಕೆ ಒಬ್ರತ್ರ ಬುಟ್ಟಿವ್ನಿ ಅಂತ."

"ಎಲ್ಲಿ?"

"ಏಳ್ನಿಲ್ಲ. ನಾನೂ ಬತ್ತೀನಿ ಕಣ್ಲಾ ಅಂದೆ. ನೀನು ಅತ್ತು ರಂಪ ಮಾಡೀಯ, ಬ್ಯಾಡ ಅಂದ. ದೊಡ್ಡವ್ನಿಗೆ ಎಣ್ಣು ಗೊತ್ತು ಮಾಡಿವ್ನಿ ಬುದ್ದಿ. ಎಣ್ಣಿನ ಕಡೆಯೋರ ಕಿವಿಗೆ ತಮ್ಮನ ಸುದ್ದಿ ಬಿದ್ರೆ ಮದ್ವೆ ನಿಂತೋಯ್ತದೆ ಅಂತ ಎದ್ರಿಕಂಡವ್ನೆ."

"ನೀವು ಒಪ್ಪಿದ್ರಾ?"

"ಒಪ್ದೆ. ಚಿಕ್ಕೋನಾಗಿದ್ದಾಗ ನನ್ನ ಬಳೆ ಆಕ್ಕಂಡು ಕುಣಿಯೋನು. ನಾನು ನಗ್ತಿದ್ದೆ. ಮೀಸೆ ಬಂದ್ಮೇಲೂ ಬುಡ್ನಿಲ್ಲ, ಒಡ್ದೆ. ಇನ್ನೇನು ಮಾಡ್ಬೇಕು ಅಂತ ನಂಗೆ ಯಾರೂ ಏಳ್ಕೊಡ್ನಿಲ್ಲ ಬುದ್ದಿ. ನನ್ ಮಗ ಬದುಕವ್ನಾ?"

ಪುಟ್ಟಬಸಪ್ಪ ಶಾಂತರಾಜುವಿನ ಕಚೇರಿ ಎಲ್ಲಿದೆ ಎಂದು ಕೇಳಿ ಬರೆದುಕೊಂಡರು.

ಮಧ್ಯಾಹ್ನ ಎರಡೂ ಮುಕ್ಕಾಲಿಗೆ ಚಾಮರಾಜನಗರದ ಆ ಕಚೇರಿಗೆ ಹೋದರು. ಅವರು ಮೊದಲು ಶಾಂತರಾಜುವನ್ನು ಕರೆಸಲಿಲ್ಲ. ಮ್ಯಾನೇಜರರನ್ನು ಕೇಳಿ ಅವನ ರಜೆ ಅರ್ಜಿ ತರಿಸಿದರು. ಸೆಪ್ಟೆಂಬರ್ 5ಕ್ಕೆ ಒಂದು ದಿನದ ರಜೆ. 'ಮಾನ್ಯರೇ' ಎಂದೇ ಶುರು. ಇನ್‌ಲ್ಯಾಂಡ್ ಪತ್ರವನ್ನು ಪಕ್ಕದಲ್ಲಿಟ್ಟರು. 'ವುದರಿಂದ' ಬರೆದ ರೀತಿ, ಸಾಲಿನ ಕೊನೆಯಲ್ಲಿ ಅಕ್ಷರ ಕೆಳಕ್ಕೆ ಇಳಿಯುವ ರೀತಿ ಎರಡರಲ್ಲೂ ಒಂದೇ.

ಶಾಂತರಾಜುವಿಗೆ ಇಪ್ಪತ್ತೆಂಟು ವರ್ಷ. ಇಸ್ತ್ರಿ ಮಾಡಿದ ಬಿಳಿ ಅಂಗಿ.

"ತಮ್ಮ ಎಲ್ಲಿ?"

"ತಿರುಪ್ಪೂರಲ್ಲಿ ಸಾರ್."

"ಯಾವ ಕಂಪನಿ?"

"ಎಸ್ರು ಗೊತ್ತಿಲ್ಲ ಸಾರ್. ಕಾಗ್ದ ಬರ್ದಿದ್ದ."

"ಈ ಕಾಗದಾನಾ?"

ಶಾಂತರಾಜು ನೋಡಿದ. ಅದರ ಪಕ್ಕದಲ್ಲಿ ತನ್ನ ರಜೆ ಅರ್ಜಿಯನ್ನೂ ನೋಡಿದ. ಕುರ್ಚಿಯ ಬೆನ್ನು ಹಿಡಿದುಕೊಂಡ.

"ಹತ್ತು ದಿನ ಆಯ್ತು. ಅವನು ಮಾತ್ರೆ ತಗೊಳ್ತಿದ್ದ, ಯಾಕೆ ಅಂತ ಗೊತ್ತಾ ನಿನಗೆ?"

"ಗೊತ್ತಿಲ್ಲ ಸಾರ್."

"ಒಂದು ಸಲ ಸಾಯೋಕೆ ಹೋಗಿದ್ದ. ಮಾತ್ರೆ ನಿಂತು ಹತ್ತು ದಿನ. ಅವನಿಗೇನಾದ್ರೂ ಆದ್ರೆ ನಾನು ಬರೆಯೋ ಕಲಮೇ ಬೇರೆ."

"ಕೆಟ್ಟದ್ದು ಮಾಡ್ಬೇಕು ಅಂತಲ್ಲ ಸಾರ್. ವಾಸಿ ಮಾಡ್ತಾರೆ ಅಂದ್ರು. ಸಂತೆಮರಹಳ್ಳಿ ಆಚೆ, ತೋಟದ ಮನೇಲಿ ಒಬ್ರವ್ರೆ. ಮಲ್ಲಿಕಾರ್ಜುನಸ್ವಾಮಿ ಅಂತ. ಮೊದ್ಲು ಕಾಂಪೌಂಡರ್ ಆಗಿದ್ರಂತೆ. ನಲವತ್ತು ದಿನ ಯಾರೂ ನೋಡಕ್ಕೆ ಬರಂಗಿಲ್ಲ ಅಂದ್ರು."

ಅವನನ್ನು ಜೀಪಿಗೆ ಹತ್ತಿಸಿಕೊಂಡರು. ಸ್ಥಳೀಯ ಠಾಣೆಗೆ ತಿಳಿಸಿ ಇಬ್ಬರು ಕಾನ್‌ಸ್ಟೇಬಲ್‌ಗಳನ್ನು ಜೊತೆಗೆ ಪಡೆದರು. ತೋಟ ತಲುಪಿದಾಗ ಸಂಜೆ ಐದು ಗಂಟೆ ಹತ್ತು ನಿಮಿಷ. ತೆಂಗಿನ ಮರಗಳ ನಡುವೆ ಹಂಚಿನ ಮನೆ, ಅದರ ಹಿಂದೆ ತಗಡು ಹೊದಿಸಿದ ಉದ್ದನೆಯ ಕೊಟ್ಟಿಗೆ. ಅಡುಗೆ ಮಾಡುವ ಈರಮ್ಮ ಎಂಬಾಕೆ ಪೊಲೀಸರನ್ನು ಕಂಡವಳೇ ಸೊಂಟದಿಂದ ಬೀಗದ ಕೈ ತೆಗೆದು ರಾಚಮ್ಮನ ಕೈಗಿಟ್ಟಳು.

"ಅಯ್ನೋರು ಪ್ಯಾಟೆಗೆ ಓಗವ್ರೆ. ತಗಳಿ ತಾಯಿ, ತಗೀರಿ. ಅವ್ರ ಅಳು ಕೇಳಿ ಕೇಳಿ ನಂಗೆ ಅನ್ನ ಸೇರ್ತಿರ್ನಿಲ್ಲ."

ಬಾಗಿಲು ತೆಗೆದಾಗ ಬೇವಿನೆಣ್ಣೆಯ ವಾಸನೆ. ಕಂಬಕ್ಕೆ ಸರಪಳಿ, ಸರಪಳಿಯ ತುದಿಯಲ್ಲಿ ತಲೆ ಬೋಳಿಸಿದ ಒಬ್ಬ ಆಳು. ಎರಡೂ ಮುಂಗೈ ಮೇಲೆ ಬರೆ ಹಾಕಿದ ಗುರುತು. ಬೆಳಕಿಗೆ ಕಣ್ಣು ಕಿರಿದು ಮಾಡಿ ಬಂದವರನ್ನು ನೋಡಿದ.

"ಮಾದೇವನಾ?"

ತಲೆಯಾಡಿಸಿದ. ರಾಚಮ್ಮ ಸರಪಳಿಯ ಬೀಗಕ್ಕೆ ಕೈ ಹಾಕಿದಳು.

"ಮೊದ್ಲು ಆ ಕಡೆ ರೂಮು," ಎಂದ ಮಾದೇವ. ಗಂಟಲು ಒಣಗಿ ದನಿ ಒಡೆದಿತ್ತು. "ಅಲ್ಲೊಂದು ಹೆಣ್ಣೈತೆ. ಮೊದ್ಲು ಅವಳ್ನ ಬುಡ್ಸಿ ಅಕ್ಕ. ನಾನು ಬಂದು ಹತ್ತೇ ದಿನ, ಅವ್ಳು ಬಂದು ತಿಂಗ್ಳಾಯ್ತು."

ಮಣ್ಣಿನ ಗೋಡೆಯ ಆಚೆ ಕುಮಾರಿ ಎಂಬ ಹತ್ತೊಂಬತ್ತರ ಹುಡುಗಿ ಇದ್ದಳು. ತನ್ನ ಜೊತೆ ಓದಿದ ಗೆಳತಿಯನ್ನು ಬಿಟ್ಟು ಇನ್ಯಾರನ್ನೂ ಕಟ್ಟಿಕೊಳ್ಳುವುದಿಲ್ಲ ಎಂದಿದ್ದಕ್ಕೆ ಅಪ್ಪನೇ ತಂದು ಬಿಟ್ಟುಹೋಗಿದ್ದ. ಎದ್ದು ನಿಲ್ಲಲು ಅವಳಿಗೆ ರಾಚಮ್ಮನ ಹೆಗಲು ಬೇಕಾಯಿತು. ಹೊರಗೆ ಬಂದು ಮಾದೇವನನ್ನು ಕಂಡಳು. ಇಬ್ಬರೂ ಒಬ್ಬರ ಮುಖವನ್ನು ಒಬ್ಬರು ನೋಡಿದ್ದು ಅದೇ ಮೊದಲು.

"ನೀವೇನಾ?" ಎಂದಳು ಕುಮಾರಿ.

"ನಾನೇ ಕಣಮ್ಮಿ."

ಜೀಪಿನ ಪಕ್ಕ ನಿಂತಿದ್ದ ಶಾಂತರಾಜು ತಮ್ಮನ ಕೈ ನೋಡಿ ಎರಡು ಹೆಜ್ಜೆ ಮುಂದೆ ಬಂದ. ಮುಖ ತಿರುಗಿಸಿ ನಿಂತ.

ಪಂಚನಾಮೆ ಬರೆಯುತ್ತಿರುವಾಗ, ಆರು ಗಂಟೆಯ ಸುಮಾರಿಗೆ, ರಸ್ತೆಯಿಂದ ಒಬ್ಬ ಮುದುಕ ನಡೆದು ಬಂದ. ತೆಳ್ಳನೆಯ ಮೈ, ಖಾದಿ ಜುಬ್ಬ, ಕೈಯಲ್ಲಿ ಎರಡು ಪೌಂಡು ಬ್ರೆಡ್. ಪೊಲೀಸರನ್ನು ಕಂಡರೂ ಓಡಲಿಲ್ಲ.

"ಅವ್ರಿಬ್ರಿಗೆ ಹೊಟ್ಟೆಗೇನಾದ್ರೂ ಕೊಟ್ರಾ?" ಎಂದು ಕೇಳಿದ. ಚಿಕ್ಕಬೀರಯ್ಯ ಅವನ ಕೈಯಿಂದ ಬ್ರೆಡ್ ತೆಗೆದುಕೊಂಡು ಕೋಳ ತೊಡಿಸಿದ.

ಸ್ಥಳೀಯ ಠಾಣೆಯಲ್ಲಿ ಏಳು ಗಂಟೆಗೆ ವಿಚಾರಣೆ.

"ಹೆಸರು?"

"ಮಲ್ಲಿಕಾರ್ಜುನಸ್ವಾಮಿ."

"ಎಷ್ಟು ವರ್ಷದಿಂದ ಇದು?"

"ಆರು."

"ಎಷ್ಟು ಜನ?"

"ಹದಿನೇಳು."

"ತಲೆಗೆ ಎಷ್ಟು ತಗೊಳ್ತಿದ್ದೆ?"

"ಒಂದು ಪೈಸೆ ಮುಟ್ಟಿಲ್ಲ. ಊಟ ನಂದೇ."

"ವಾಸಿಯಾದವರು?"

"ಹೋದವ್ರು ಯಾರೂ ತಿರುಗಿ ಬಂದು ಹೇಳ್ಲಿಲ್ಲ," ಎಂದ.

ಕಲಂ 344, 324 ಸೇರಿಸಲಾಯಿತು. ಮಲ್ಲಿಕಾರ್ಜುನಸ್ವಾಮಿ ಮತ್ತು ಶಾಂತರಾಜು ಇಬ್ಬರನ್ನೂ ದಸ್ತಗಿರಿ ಮಾಡಲಾಯಿತು. ಕುಮಾರಿಯ ಅಪ್ಪನ ವಿರುದ್ಧ ಬೇರೆ ಪ್ರಕರಣ ದಾಖಲಾಯಿತು.

ಮಾರನೆಯ ದಿನ, ಬುಧವಾರ ಬೆಳಿಗ್ಗೆ, ಪುಟ್ಟಬಸಪ್ಪ ಚಾಮರಾಜನಗರದ ಆಸ್ಪತ್ರೆಗೆ ಹೋದರು. ಕರಿಬಸಮ್ಮ ಮೊದಲ ಬಸ್ಸಿಗೇ ಬಂದುಬಿಟ್ಟಿದ್ದಳು. ಮಂಚದ ಮೇಲೆ ಮಾದೇವನ ಬೋಳು ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪಕ್ಕದ ಮಂಚದಲ್ಲಿ ಕುಮಾರಿ ನಿದ್ದೆ ಮಾಡುತ್ತಿದ್ದಳು. ಸುಂದ್ರಮ್ಮ ವಾರ್ಡಿನ ಬಾಗಿಲಲ್ಲಿ ಗೋಡೆಗೊರಗಿ ನಿಂತಿದ್ದಳು. ಒಳಗೆ ಬರುವ ಧೈರ್ಯ ಆಗಿರಲಿಲ್ಲ.

ಡಾ. ರೂಪಶ್ರೀ ಚೀಟಿ ಬರೆಯುತ್ತ ಹೇಳಿದರು: "ಗಾಯ ಮಾಯುತ್ತೆ. ಮಾತ್ರೆ ಮತ್ತೆ ಶುರು ಮಾಡಿದೀನಿ. ಇವರು ಹೆಣ್ಣಿನ ಹಾಗಿರೋದು ಕಾಯಿಲೆ ಅಲ್ಲ ಇನ್‌ಸ್ಪೆಕ್ಟ್ರೇ. ಚಿಕ್ಕಂದಿನಿಂದ ಹೊಡೆಸಿಕೊಂಡು, ಬಚ್ಚಿಟ್ಟುಕೊಂಡು ಬಂದಿರೋ ಈ ಖಿನ್ನತೆ ಕಾಯಿಲೆ. ಇದಕ್ಕೆ ಔಷಧಿ ಇದೆ. ಔಷಧಿಯಷ್ಟೇ ಮುಖ್ಯ ಇವರ ಥರದವರು." ಅವರು ಕರಿಬಸಮ್ಮನ ಕಡೆ ಕೈ ತೋರಿಸಿದರು.

ಚಿಕ್ಕಬೀರಯ್ಯ ಸ್ಟೂಲಿನ ಮೇಲೆ ಕೂತು ಹೇಳಿಕೆ ಬರೆದುಕೊಳ್ಳಲು ಸಿದ್ಧನಾದ. ಮಾದೇವ ಎಲ್ಲವನ್ನೂ ಹೇಳಿದ. ಮೊದಲ ದಿನ ತಲೆ ಬೋಳಿಸಿದ್ದು, ಸೀರೆ ಅಂದಾಗಲೆಲ್ಲ ಬರೆ ಹಾಕಿದ್ದು, ಮೂರನೇ ದಿನ ಸತ್ತರೆ ಸಾಕು ಅನಿಸಿದ್ದು.

"ಆಮೇಲೆ?"

"ಗ್ವಾಡೆ ಆಚೆಯಿಂದ ಇವ್ಳು ಮಾತಾಡ್ಸಿದ್ಲು ಸಾರ್. ಏನ್ ಕೆಲ್ಸ ಮಾಡ್ತೀರ ಅಂದ್ಲು. ಬ್ಲೌಸ್ ಒಲೀತೀನಿ ಅಂದೆ. ನಂಗೂ ಏಳ್ಕೊಡಿ ಅಂದ್ಲು. ಬಟ್ಟೆ ಇಲ್ಲ, ಕತ್ರಿ ಇಲ್ಲ, ಬರೀ ಬಾಯಲ್ಲೇ ಕಲಿಸ್ದೆ. ಕತ್ತಿನ ಅಳ್ತೆ ಎಂಗೆ ತಗಬೇಕು, ತೋಳು ಎಂಗೆ ಕೂರಿಸ್ಬೇಕು. ತಪ್ಪೇಳಿದ್ರೆ ಬೈತಿದ್ದೆ. ನಾಳೆ ಕೊರಳುಪಟ್ಟಿ ಏಳ್ಕೊಡ್ತೀನಿ ಅಂತ ಮಾತು ಕೊಟ್ಬುಡ್ತಿದ್ದೆ. ಮಾತು ಕೊಟ್ಮೇಲೆ ಸಾಯಕ್ಕಾಯ್ತದಾ ಸಾರ್?"

ನಿದ್ದೆ ಮಾಡುತ್ತಿದ್ದಾಳೆಂದುಕೊಂಡಿದ್ದ ಕುಮಾರಿ ಕಣ್ಣು ಬಿಟ್ಟಿದ್ದಳು. "ನಂಗೂ ಅದೇ," ಎಂದಳು. "ಬೆಳಗಾಗ್ಲಿ ಅಂತ ಕಾಯ್ತಿದ್ದೆ."

ಚಿಕ್ಕಬೀರಯ್ಯ ಬರೆಯುವುದನ್ನು ನಿಲ್ಲಿಸಿ ಮೂಗು ಒರೆಸಿಕೊಂಡ. ಆಮೇಲೆ ಕೇಳಿದ: "ಎಸ್ರು ಮಾದೇವ ಅಂತ ಬರ್ದಿವ್ನಿ. ಬ್ಯಾರೆ ಎಸ್ರೇನಾರ ಐತಾ?"

ಮಾದೇವ ಕರಿಬಸಮ್ಮನ ಮುಖ ನೋಡಿದ.

"ನಿನ್ನೆಸ್ರು ಏಳು ಮಗ," ಎಂದಳು ಆಕೆ.

"ಮೀನಾ."

"ಮಾದೇವ ಉರುಫ್ ಮೀನಾ ಅಂತ ಆಕ್ತೀನಿ ಕಣವ್ವ," ಎಂದ ಚಿಕ್ಕಬೀರಯ್ಯ, ಮೀನಾಳಿಗೆ ಅವ್ವ ಅಂದಿದ್ದು ತನಗೇ ಗೊತ್ತಾಗದವನ ಹಾಗೆ. "ನಾವು ಕಳ್ಳರಿಗೆ ಬರ್ಯೋ ಮಾತದು. ಬ್ಯಾಸ್ರ ಮಾಡ್ಕಬ್ಯಾಡಿ. ಕಾಗ್ದದ ಮ್ಯಾಲೆ ಎಸ್ರು ಬರ್ಬೇಕು ಅಂದ್ರೆ ಅದೊಂದೇ ದಾರಿ."

ಹೇಳಿಕೆಯನ್ನು ಮೊದಲಿನಿಂದ ಓದಿ ಹೇಳಿದ. ಆ ಹೆಸರು ಬಂದಾಗ ಮೀನಾ ಕಣ್ಣು ಮುಚ್ಚಿಕೊಂಡಳು. ಬಾಗಿಲಲ್ಲಿದ್ದ ಸುಂದ್ರಮ್ಮ ಅದನ್ನು ಕೇಳಿಸಿಕೊಂಡಳು. ಮೆಲ್ಲಗೆ ಬಂದು ಮಂಚದ ಕಾಲ್ದೆಸೆ ಕೂತು ಮಗಳ ಪಾದ ಹಿಡಿದುಕೊಂಡಳು. ಮೀನಾ ಕಾಲು ಎಳೆದುಕೊಳ್ಳಲಿಲ್ಲ.

ಮಧ್ಯಾಹ್ನ ಆರೋಪಿಗಳನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಕರೆದೊಯ್ಯುವಾಗ ಜೀಪಿನಲ್ಲಿ ಮಲ್ಲಿಕಾರ್ಜುನಸ್ವಾಮಿ ಯಾರೂ ಕೇಳದೆಯೇ ಪುಟ್ಟಬಸಪ್ಪನವರಿಗೆ ತನ್ನ ಮನೆಯ ಹಳೆಯ ಸಂಗತಿ ಹೇಳಿದ. ಪಕ್ಕದಲ್ಲಿ ಶಾಂತರಾಜು ತಲೆ ತಗ್ಗಿಸಿ ಕೇಳುತ್ತಿದ್ದ. ಇಬ್ಬರಿಗೂ ಹದಿನೈದು ದಿನ ನ್ಯಾಯಾಂಗ ಬಂಧನವಾಯಿತು.

ಶುಕ್ರವಾರ, 18ನೇ ತಾರೀಕು, ಡಿಸ್ಚಾರ್ಜ್ ದಿನ ಪುಟ್ಟಬಸಪ್ಪ ಮತ್ತೆ ಆಸ್ಪತ್ರೆಗೆ ಬಂದರು. ಕುಮಾರಿ ವಯಸ್ಕಳು, ಅಪ್ಪನ ಮನೆಗೆ ಹೋಗುವುದಿಲ್ಲ ಎಂದು ಬರೆದುಕೊಟ್ಟಿದ್ದಳು. ಕರಿಬಸಮ್ಮ ಅವಳಿಗೂ ಜಾಗ ಇದೆ ಎಂದಿದ್ದಳು. ಮದುವೆ ಮುಗಿದಿದ್ದರೂ ಅರ್ಧ ಉಳಿದ ರವಿಕೆಗಳನ್ನು ರಾಚಮ್ಮ ಬೇರೊಬ್ಬ ದರ್ಜಿಯ ಹತ್ತಿರ ಮುಗಿಸಿ ತಲುಪಿಸಿದ್ದಳು. ಮೀನಾ ಅದಕ್ಕಾಗಿ ಅವಳ ಎರಡೂ ಕೈ ಹಿಡಿದು, ತೋಳು ಸರಿಯಾಗಿ ಕೂತಿದೆಯಾ ಎಂದು ಎರಡೆರಡು ಸಲ ಕೇಳಿದಳು.

"ಅಣ್ಣಂಗೆ ಏನಾಯ್ತದೆ ಸಾರ್?"

"ಕೋರ್ಟು ಹೇಳುತ್ತೆ. ತಪ್ಪಾಯ್ತು ಅಂತ ಹೇಳಿ ಕಳಿಸಿದ್ದಾನೆ. ಅದನ್ನ ತಗೊಳ್ಳೋದು ಬಿಡೋದು ನಿಮಗೆ ಬಿಟ್ಟಿದ್ದು."

"ಆ ಮುದುಕಪ್ಪ? ಅವ್ರಿಗೆ ನಮ್ಮ ಮ್ಯಾಲೆ ಯಾತರ ಸಿಟ್ಟು?"

ಪುಟ್ಟಬಸಪ್ಪನವರಿಗೆ, ಮುದುಕ ಜೀಪಿನಲ್ಲಿ ಆಡಿದ ಮಾತನ್ನು ಹೇಳಬೇಕೆನಿಸಿತು.

"ಸಿಟ್ಟಲ್ಲ. ಅವನಿಗೊಬ್ಬ ತಮ್ಮ ಇದ್ದ. ಶಿವಮಲ್ಲಪ್ಪ ಅಂತ. ನಿಮ್ಮ ಹಾಗೇ. ಅಣ್ಣನೇ ಮುಂದೆ ನಿಂತು ಅವನಿಗೆ ಮದುವೆ ಮಾಡಿಸಿದ. ಮೂರನೇ ತಿಂಗಳಿಗೆ ತಮ್ಮ ಮನೆ ಬಿಟ್ಟು ಹೋದ. ನಾಲ್ಕು ದಿನ ಆದಮೇಲೆ ತೋಟದ ಬಾವಿಯಲ್ಲಿ ಸಿಕ್ಕಿದ. ಇದು ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ತಮ್ಮನನ್ನ ತಿಂದಿದ್ದು ಒಂದು ಕಾಯಿಲೆ, ಅದಕ್ಕೆ ಮದ್ದು ಕಂಡುಹಿಡಿದ್ರೆ ಇನ್ನೊಬ್ಬ ಸಾಯಲ್ಲ ಅಂತ ಅವನು ನಂಬಿಬಿಟ್ಟ."

ಮೀನಾ ಕೈಯ ಪಟ್ಟಿಯ ಅಂಚನ್ನು ಸವರುತ್ತ ಕೇಳುತ್ತಿದ್ದಳು.

"ನಾಲ್ಕು ದಿನ ಯಾರೂ ಉಡುಕ್ನಿಲ್ವಾ ಸಾರ್?"

"ಮರ್ಯಾದೆ ಹೋಗುತ್ತೆ ಅಂತ ಠಾಣೆಗೆ ಹೋಗಲಿಲ್ಲವಂತೆ. ಮನೆಯವರು ಯಾರೂ ಕಂಪ್ಲೇಂಟ್ ಕೊಡಲಿಲ್ಲ."

ವಾರ್ಡಿನ ಕೊನೆಯಲ್ಲಿ ಕರಿಬಸಮ್ಮ ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಧಾನವಾಗಿ ಬರುತ್ತಿದ್ದಳು, ಇನ್ನೊಂದು ಕೈಯಲ್ಲಿ ಮಾತ್ರೆಯ ಪೊಟ್ಟಣ. ಮೀನಾ ಆಕೆಯನ್ನೇ ನೋಡಿದಳು. ಕಣ್ಣು ತುಂಬಿ ಬಂದರೂ ಒರೆಸಿಕೊಳ್ಳಲಿಲ್ಲ.

"ನಮ್ಮವ್ವ ಕಂಪ್ಲೇಂಟ್ ಕೊಟ್ರು," ಎಂದಳು.